ಇದು ಯಾವ ‘ಮೇ’ ರೀ?

ಹೋದ ತಿಂಗಳು ಹಳೆಯ ಸಹೋದ್ಯೋಗಿಯೊಬ್ಬರ ನಿವೃತ್ತಿಯ ಸಮಾರಂಭಕ್ಕೆ ಒಂದು ಮಾನಪತ್ರ ಬರೆದುಕೊಡಿ ಎಂದು ಸಂಭಾಜಿನಗರದ ಕಚೇರಿಯವರು ನನಗೆ ಫೋನ್ ಮಾಡಿದರು. ನಾಸಿಕ್ ಕಚೇರಿಯಲ್ಲಿ ಅವರ ಪಕ್ಕದ ಮೇಜಿನಲ್ಲಿ ಕೂತಿದ್ದವನು, ಮೇಲಾಗಿ ಇಂಗ್ಲಿಷ್ ಎಂ.ಎ. ಓದಿದವನು ಎಂದು ನನ್ನನ್ನು ಆರಿಸಿದ್ದರು. ಒಂದು ಪುಟ ಸಾಕು, ಇಂಗ್ಲಿಷಿನಲ್ಲಿರಲಿ, ಫ್ರೇಮ್ ಹಾಕಿಸುತ್ತೇವೆ ಎಂದರು. ಸೇವೆ, ಶ್ರದ್ಧೆ, ಸಮಯಪಾಲನೆ ಎಲ್ಲ ಅರ್ಧ ಗಂಟೆಯಲ್ಲಿ ಬಂದವು. ಕೊನೆಯ ಸಾಲಿನಲ್ಲಿ ‘ಮೇ ಯು’ ಎಂದು ಬರೆದು ನಿಂತುಬಿಟ್ಟೆ. ಅಂಥ ಪತ್ರಗಳೆಲ್ಲ ಹಾಗೆಯೇ ಮುಗಿಯುತ್ತವೆ: ನಿಮಗೆ ಆರೋಗ್ಯ ಇರಲಿ, ನೆಮ್ಮದಿ ಸಿಗಲಿ. ಆದರೆ ಆ ಒಂದಕ್ಷರದ ಕ್ರಿಯಾಪದವನ್ನು ನನ್ನ ಕೈಯಿಂದ ಅವರಿಗೆ ಬರೆಯುವುದು ಕಷ್ಟವಾಯಿತು. ಕೊನೆಗೆ ಬರೆದೆ. ಬೇರೆ ಪದ ಇರಲಿಲ್ಲ.

ಮಾನಪತ್ರದಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳಲು ನೋಡುತ್ತೇನೆ. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅದು ನನ್ನ ಪರವಾಗಿ ಸಾಕ್ಷಿ ಹೇಳುವುದನ್ನು ಎಷ್ಟೋ ಸಲ ಹಿಡಿದಿದ್ದೇನೆ. ಆ ವರ್ಷಗಳ ದಿನಚರಿ ಮುಂದಿದೆ. ಎರಡಕ್ಕೂ ಜಗಳ ಬಂದಲ್ಲಿ ಹೇಳುತ್ತೇನೆ.

ಕಚೇರಿಯಲ್ಲಿ ಎಲ್ಲರೂ ಅವರನ್ನು ‘ತಾಯಿ’ ಎನ್ನುತ್ತಿದ್ದರು. ಧಾರವಾಡದಿಂದ ಮೊದಲ ನೇಮಕಾತಿಯ ಮೇಲೆ ಬಂದ ನಾನು, ಐವತ್ತರ ಹತ್ತಿರದ ಗುಮಾಸ್ತೆಯೊಬ್ಬರನ್ನು ಅವರಿಗಿಂತ ದೊಡ್ಡ ಗಂಡಸರೂ ತಾಯಿ ಎನ್ನುವುದು ಕೇಳಿ, ಎಂಥ ಭಕ್ತಿಯಪ್ಪ ಎಂದುಕೊಂಡಿದ್ದೆ. ಮರಾಠಿಯಲ್ಲಿ ಅದು ಬರೀ ಅಕ್ಕ ಎಂದು ತಿಳಿಯಲು ಎರಡು ವಾರ ಬೇಕಾಯಿತು. ಅವರಿಗೆ ಹೇಳಿದಾಗ ನಕ್ಕರು. “ಮರಾಠಿಯಾಗ ಅಕ್ಕ, ಕನ್ನಡದಾಗ ಅವ್ವ. ಪಗಾರ ಒಂದೇ, ಕೆಲಸ ಎರಡು ನೋಡ್ರಿ.”

ಅವರು ಬೀದರ್ ಜಿಲ್ಲೆಯ ಭಾಲ್ಕಿ ಕಡೆಯವರು. ಮದುವೆಯಾಗಿ ಔರಂಗಾಬಾದಿಗೆ ಬಂದವರು. ಕಾಗದದಲ್ಲಿ ಈಗ ಅದು ಛತ್ರಪತಿ ಸಂಭಾಜಿನಗರ. ಅವರ ಬಾಯಲ್ಲಿ ಇಂದಿಗೂ ಔರಂಗಾಬಾದೇ. ಗಂಡ ಅಲ್ಲಿ ಒಂದು ಕಾರ್ಖಾನೆಯ ಸ್ಟೋರ್ ನೋಡಿಕೊಳ್ಳುತ್ತಿದ್ದರು, ಒಬ್ಬಳೇ ಮಗಳು ಕಾಲೇಜಿನಲ್ಲಿದ್ದಳು. ಇವರಿಗೆ ಮಾತ್ರ ನಾಸಿಕ್. ಶುಕ್ರವಾರ ಸಂಜೆ ಬಸ್ಸು ಹತ್ತುವರು, ಸೋಮವಾರ ಬೆಳಿಗ್ಗೆ ಚೀಲ ಹಿಡಿದು ನೇರ ಕಚೇರಿಗೇ ಬರುವರು. ದಾರಿಯಲ್ಲಿ ಯೇವಲಾದ ಹತ್ತಿರ ಈರುಳ್ಳಿ ಟ್ರ್ಯಾಕ್ಟರುಗಳು ಸಾಲು ನಿಂತಿದ್ದರೆ ಇನ್ನೊಂದು ಗಂಟೆ ತಡ. ಸೀರೆಯ ಅಂಚಿನ ಧೂಳು ಕೊಡವಿ, ಮೇಜಿನ ಕೆಳಗೆ ಚಪ್ಪಲಿ ಒಂದನ್ನು ಮಾತ್ರ ಕಳಚಿ ಕೂಡುವರು. ಒಂದೇ ಯಾಕೆ ಎಂದು ಕೇಳಿದ್ದೆ. “ಸಾಹೇಬ್ರು ಕರದ್ರ ಜಲ್ದಿ ಏಳಬೇಕಲ್ರಿ. ಅರ್ಧಾ ಆರಾಮ, ಅರ್ಧಾ ಡ್ಯೂಟಿ.”

ಪತ್ರಗಳ ಕರಡು ತಿದ್ದುವುದರಲ್ಲಿ ಅವರ ಸಮ ಯಾರೂ ಇರಲಿಲ್ಲ. ಕಲಿತದ್ದು ಕನ್ನಡ ಶಾಲೆಯಲ್ಲಿ. ಇಂಗ್ಲಿಷ್ ಕಾದಂಬರಿ ಒಂದನ್ನೂ ಓದಿದವರಲ್ಲ. ಆದರೆ ಕರಡನ್ನು ತುಟಿ ಆಡಿಸುತ್ತ ಓದುವರು, ತಪ್ಪಿದ್ದಲ್ಲಿ ತುಟಿ ತಾನಾಗಿ ನಿಲ್ಲುವುದು. ಯಾವಾಗಲೂ ಪೆನ್ಸಿಲ್. ಎಲ್ಲ ಸರಿಯಿದ್ದರೆ ಏನೂ ಅನ್ನುತ್ತಿರಲಿಲ್ಲ. ಪೂರ್ತಿ ಸರಿಯಿಲ್ಲ, ಆದರೂ ಕಳಿಸದೆ ವಿಧಿಯಿಲ್ಲ ಎನ್ನುವಂಥದ್ದಕ್ಕೆ ಮಾತ್ರ ಒಂದು ಉಸಿರು ಬಿಟ್ಟು “ನಡೀತದ” ಎನ್ನುವರು.

ನನ್ನ ಮೊದಲ ಕರಡು ಮುಂಬೈಯ ಮೇಲಿನ ಕಚೇರಿಗೆ. ಬೇಸಿಗೆಗೆ ಮೊದಲು ಫ್ಯಾನುಗಳನ್ನು ಕಳಿಸಬೇಕು ಎಂಬ ಅರ್ಥದಲ್ಲಿ ‘ಮಸ್ಟ್’ ಹಾಕಿದ್ದೆ. ಅವರ ತುಟಿ ಅಲ್ಲೇ ನಿಂತಿತು.

“ಯಾರಿಗಿ ಬರ್ದೀರಿ ಇದು? ನಿಮ್ಮ ಮನಿ ಆಳಿಗೇನ್ರಿ?”

“ಮತ್ತೇನ್ ಬರೀಬೇಕ್ರಿ?”

ಪೆನ್ಸಿಲಿನಿಂದ ಹೊಡೆದು ‘ಮೇ ಕೈಂಡ್ಲಿ’ ಎಂದು ಬರೆದರು.

“ಮೇ ಅಂದ್ರ ‘ಬಹುದು’ ಅಲ್ರಿ? ಕಳಿಸಿದ್ರ ಕಳಿಸಬಹುದು, ಬಿಟ್ರ ಬಿಡಬಹುದು ಅಂತಾಗ್ತದ,” ಎಂದೆ. ಎಂ.ಎ. ಇನ್ನೂ ಬಿಸಿ ಇತ್ತು.

“ಅದು ನಿಮ್ಮ ಕಾಲೇಜಿನ ಮೇ. ಇದು ಆಫೀಸಿನ ಮೇ. ಕೆಳಗಿಂದ ಮ್ಯಾಲ ಹೋಗೋ ಮೇ ಕೈ ಮುಗೀತದ. ಮ್ಯಾಲಿಂದ ಕೆಳಗ ಬರೋ ಮೇ ಬಟ್ಟು ತೋರಸ್ತದ. ಎರಡಕ್ಕೂ ಅರ್ಥ ಒಂದೇ: ‘ಮಾಡ್ರಿ’. ಬಹುದು ಅಂತ ಓದಿದವ ಕೆಡ್ತಾನ.”

ಇದು ದಿನಚರಿಯಲ್ಲಿ ಹೆಚ್ಚುಕಡಿಮೆ ಹೀಗೆಯೇ ಇದೆ. ಬರೆದಿಟ್ಟಿದ್ದೇನೆಂದರೆ ನನಗೆ ಅರ್ಥವಾಗಿತ್ತು ಎಂದೇ ಅರ್ಥ. ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ಮುಂದೆ ನಾನು ಮರೆತವನಂತೆ ನಡೆದುಕೊಂಡೆ.

ಆ ಮೇಲೆ ‘ಮೇ’ ನಮ್ಮಿಬ್ಬರ ನಡುವಿನ ತಮಾಷೆಯಾಯಿತು. ಕಚೇರಿಯ ನೀರಿನ ಕೂಲರ್ ಕೆಟ್ಟಾಗ ಯಾರೋ ಅದರ ಮೇಲೆ ‘ಮೇ ಬಿ ರಿಪೇರ್ಡ್’ ಎಂದು ಚೀಟಿ ಅಂಟಿಸಿದರು. ಒಂದು ಬೇಸಿಗೆ ಕಳೆದರೂ ಚೀಟಿ ಅಲ್ಲೇ. ಎರಡನೆಯ ಬೇಸಿಗೆಯ ಹೊತ್ತಿಗೆ ಅದರ ಕೆಳಗೆ ಮರಾಠಿಯಲ್ಲಿ ‘ಹೋಊ ಶಕತೇ’, ಆಗಲೂಬಹುದು ಎಂದು ಯಾರೋ ಬರೆದಿದ್ದರು. ತಾಯಿ ನನ್ನನ್ನು ಕರೆದು ತೋರಿಸಿದರು. “ನೋಡ್ರಿ, ನಿಮ್ಮ ಕಾಲೇಜಿನವ್ರು ಇಲ್ಲಿ ಇನ್ನೊಬ್ರು ಅದಾರ.”

ಅವರ ಗಂಡನನ್ನು ನಾನು ಆಗ ಒಮ್ಮೆ ಮಾತ್ರ ನೋಡಿದ್ದು. ದ್ರಾಕ್ಷಿಯ ಕಾಲದಲ್ಲಿ ನಾಸಿಕ್‌ಗೆ ಬಂದಿದ್ದರು. ಕಚೇರಿಯ ಎಲ್ಲರೊಡನೆ ಹತ್ತು ನಿಮಿಷದಲ್ಲಿ ಸಲಿಗೆ ಬೆಳೆಸಿದರು. ಒಬ್ಬನೊಡನೆ ಮರಾಠಿ, ಇನ್ನೊಬ್ಬನೊಡನೆ ಹಿಂದಿ, ನನ್ನೊಡನೆ ಶುದ್ಧ ಭಾಲ್ಕಿ ಕನ್ನಡ. “ನಮ್ಮ ಮನ್ಯಾಗ ಇಂಗ್ಲಿಷ್ ಭಾಳ ನಡೀತದ್ರಿ. ನಾ ಛಾ ಕೇಳಿದ್ರ ಇಕಿ ಹೇಳ್ತಾಳ, ‘ಮೇ ಬಿ’.” ತಾಯಿ ಅವರ ಕಡೆ ನೋಡದೆ, “ನಿಮ್ದು ಕೈ ಮುಗಿಯೋ ಅರ್ಜಿ ಅಲ್ಲ, ಅದಕ್ಕ,” ಎಂದರು. ಮಾತೇ ಆಸ್ತಿ ಎನ್ನುವಂಥ ಮನುಷ್ಯ. ಮಗಳು ಹಾಗಲ್ಲ. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತಿತ್ತು, ಬಾಯಿ ತೆರೆದರೆ ಮರಾಠಿ. “ಕಿವಿ ನಮ್ಮೂರ್ದು, ನಾಲಿಗಿ ಇಲ್ಲಿದು,” ಎನ್ನುತ್ತಿದ್ದರು ತಾಯಿ.

ಒಂದು ದೀಪಾವಳಿಯಾದ ವಾರಕ್ಕೆ ಆ ಮನುಷ್ಯನಿಗೆ ಪಾರ್ಶ್ವವಾಯು ಹೊಡೆಯಿತು. ಜೀವ ಉಳಿಯಿತು. ಬಲಗೈ ಹೋಯಿತು, ಮಾತು ಹೋಯಿತು. ವಿಚಿತ್ರವೆಂದರೆ ಮರಾಠಿ ಹಿಂದಿ ಪೂರ್ತಿ ಅಳಿಸಿಹೋದವು. ಕನ್ನಡದಲ್ಲಿ ಹೇಳಿದ್ದಕ್ಕೆ ಮಾತ್ರ ಕಣ್ಣು ತಿರುಗಿಸುತ್ತಿದ್ದರು, ಆಗೀಗ ಅರ್ಧ ಶಬ್ದ ತೊದಲುತ್ತಿದ್ದರು. ವೈದ್ಯರು ಹೇಳಿದರಂತೆ: ಮೊದಲಿನ ಕೆಲವು ತಿಂಗಳೇ ಮುಖ್ಯ, ಉಳಿದಿರುವ ಭಾಷೆಯಲ್ಲಿ ದಿನವಿಡೀ ಯಾರಾದರೂ ಮಾತಾಡುತ್ತಿರಬೇಕು, ಆಮೇಲೆ ಬರುವುದು ಕಷ್ಟ. ನೋಡಿಕೊಳ್ಳಲು ಬಂದ ಕೆಲಸದ ಹೆಂಗಸಿಗೆ ಕನ್ನಡ ಬಾರದು. ಮಗಳಿಗೆ ಅವರು ತೊದಲಿದ್ದು ತಿಳಿಯುತ್ತಿತ್ತು, ತಿರುಗಿ ಹೇಳಲು ಬರುತ್ತಿರಲಿಲ್ಲ. ತಾಯಿಯ ರಜೆಯೆಲ್ಲ ಆಸ್ಪತ್ರೆಯ ದಿನಗಳಲ್ಲೇ ತೀರಿತ್ತು. ಔರಂಗಾಬಾದಿಗೆ ವರ್ಗ ಕೊಡಿ ಎಂದು ಅರ್ಜಿ ಹಾಕಿದರು. ಅರ್ಜಿಯನ್ನು ನನಗೆ ತೋರಿಸಿದರು. ಎಲ್ಲೆಲ್ಲಿಯೂ ‘ಮೇ ಕೈಂಡ್ಲಿ’ ಇತ್ತು. ನಾನು ಪೆನ್ಸಿಲ್ ಎತ್ತಲಿಲ್ಲ, ತಿದ್ದಲು ಏನೂ ಇರಲಿಲ್ಲ.

ಆಶ್ಚರ್ಯವೆಂಬಂತೆ ಮೂರೇ ವಾರದಲ್ಲಿ ಮುಂಬೈಯಿಂದ ಆದೇಶ ಬಂತು. ವರ್ಗ ಮಂಜೂರು. ಕೊನೆಯ ಸಾಲು: ‘ದಿ ಅಫಿಶಿಯಲ್ ಮೇ ಬಿ ರಿಲೀವ್ಡ್.’ ಇವರನ್ನು ಬಿಡುಗಡೆ ಮಾಡಿ ಎಂದು. ಅಥವಾ, ಮಾಡಬಹುದು ಎಂದು.

ನಮ್ಮ ಸಾಹೇಬರು ಕೆಟ್ಟವರಲ್ಲ. ಮುಂದೆ ವಾರ್ಷಿಕ ತಪಾಸಣೆ ಇತ್ತು; ಹಳೆಯ ಕಡತಗಳು ಎಲ್ಲೆಲ್ಲಿವೆ ಎಂದು ತಾಯಿಗೊಬ್ಬರಿಗೇ ಗೊತ್ತು. ಅವರು ಹೋದರೆ ಕೈ ಕತ್ತರಿಸಿದಂತೆ. ಅವತ್ತು ಮಧ್ಯಾಹ್ನ ನನ್ನನ್ನು ಒಳಗೆ ಕರೆದರು. ಮೇಜಿನ ಮೇಲೆ ಆದೇಶ ಬಿಚ್ಚಿಟ್ಟಿತ್ತು.

“ಆಯಿಯೇ ಪ್ರೊಫೆಸರ್ ಸಾಬ್, ಬೈಠಿಯೇ. ಆಪ್ ತೋ ಎಂ.ಎ. ಹೈಂ. ಇಸ್ ‘ಮೇ’ ಕಾ ಮತಲಬ್ ಬತಾಯಿಯೇ. ಛೋಡನಾ ಪಡೇಗಾ, ಕಿ ಛೋಡ್ ಸಕತೇ ಹೈಂ?”

ಬಿಡಲೇಬೇಕೋ, ಬಿಡಬಹುದೋ. ಪ್ರಶ್ನೆ ಅಷ್ಟೇ. ಆ ಕಚೇರಿಯಲ್ಲಿ ಎರಡೂವರೆ ವರ್ಷದಲ್ಲಿ ನಾನು ಓದಿದ್ದನ್ನು ಯಾರಾದರೂ ಕೇಳಿದ್ದು ಅದೇ ಮೊದಲು.

“ಗ್ರಾಮರ್ ಪ್ರಕಾರ ಇದು ಅನುಮತಿ ಸರ್. ಕಡ್ಡಾಯ ಅಲ್ಲ.”

“ಪಕ್ಕಾ?”

“ಪಕ್ಕಾ ಸರ್.”

ಇನ್ನೊಂದು ವಾಕ್ಯ ಇತ್ತು: ಆದರೆ ಕಚೇರಿಯ ಭಾಷೆಯಲ್ಲಿ ಇದು ಆಜ್ಞೆ. ಅದು ನನ್ನ ನಾಲಿಗೆಯ ತುದಿಯಲ್ಲಿತ್ತು, ಅಷ್ಟರಲ್ಲಿ ಸಾಹೇಬರಿಗೆ ಫೋನ್ ಬಂತು, ನಾನು ಎದ್ದು ಬಂದೆ ಎಂದು ನನ್ನ ನೆನಪು ಹೇಳುತ್ತದೆ. ದಿನಚರಿಯಲ್ಲಿ ಫೋನೂ ಇಲ್ಲ, ನಾಲಿಗೆಯ ತುದಿಯೂ ಇಲ್ಲ. ‘ಸಾಹೇಬರೊಡನೆ ವ್ಯಾಕರಣದ ಚರ್ಚೆ. ಮೆಚ್ಚಿದರು. ಪ್ರೊಫೆಸರ್ ಎಂದರು.’ ಇಷ್ಟೇ. ಕೆಳಗೆ, ಇಸ್ತ್ರಿ ಬಟ್ಟೆ ತರಬೇಕು ಎಂದಿದೆ.

ಯಾಕೆ ಹೇಳಲಿಲ್ಲ? ವಿದ್ಯೆಯ ಜಂಬ ಎಂದು ಬಹಳ ದಿನ ಅಂದುಕೊಂಡಿದ್ದೆ. ಅದು ಸ್ವಲ್ಪ ಗೌರವದ ಪಾಪ. ಈಚೆಗೆ ಇನ್ನೊಂದು ತೋರುತ್ತದೆ: ಅವರು ಹೋದರೆ ಅವರ ಮೇಜಿನ ಕೆಲಸ, ತಪಾಸಣೆಯ ಹೊರೆ ಎಲ್ಲ ಬೀಳುತ್ತಿದ್ದುದು ನನ್ನ ತಲೆಯ ಮೇಲೆ. ಆಗ ಅದು ನನಗೆ ಹೊಳೆದಿತ್ತೋ ಇಲ್ಲವೋ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದೂ ಒಂದು ಅನುಕೂಲ.

ಸಾಹೇಬರು ಕಡತದಲ್ಲಿ ಬರೆದರು: ಚರ್ಚಿಸಲಾಯಿತು, ‘ಮೇ’ ಎಂಬುದು ಐಚ್ಛಿಕ, ತಪಾಸಣೆ ಮುಗಿದ ಮೇಲೆ ನೋಡುವುದು. ಪಕ್ಕದಲ್ಲಿ ನನ್ನದೂ ಒಂದು ಚಿಕ್ಕ ಸಹಿ ಹಾಕಿಸಿದರು. ಕಡತ ವಾಪಸು ಹೋಗುವುದು ತಾಯಿಯ ಮೇಜಿಗೇ. ತಮ್ಮ ಬಿಡುಗಡೆಯ ಕಾಗದವನ್ನು ಅವರೇ ನೋಡಿ, ಅವರೇ ದಾರ ಕಟ್ಟಿ ಇಡಬೇಕು.

ಅವತ್ತು ಊಟದ ಹೊತ್ತಿನಲ್ಲಿ ಅವರು ಎಂದಿನಂತೆ ತಮ್ಮ ಜೋಳದ ರೊಟ್ಟಿಯಲ್ಲಿ ಅರ್ಧ ಮುರಿದು, ಶೇಂಗಾ ಚಟ್ನಿ ಹಾಕಿ ನನ್ನ ಡಬ್ಬಿಯ ಮುಚ್ಚಳದಲ್ಲಿಟ್ಟರು ಎಂದು ನನಗೆ ಸ್ಪಷ್ಟವಾಗಿ ನೆನಪಿದೆ. ಚಟ್ನಿಯ ಎಣ್ಣೆ ಮುಚ್ಚಳದ ಮೇಲೆ ಹರಿದದ್ದೂ ಕಾಣುತ್ತದೆ. ವರ್ಷಗಟ್ಟಲೆ ಈ ರೊಟ್ಟಿಯನ್ನು ಕ್ಷಮೆಯೆಂದು ಎಣಿಸಿ ಇಟ್ಟುಕೊಂಡಿದ್ದೆ. ಈ ಸಲ ದಿನಚರಿ ತೆಗೆದು ನೋಡಿದರೆ, ಕಡತ ಅವರ ಮೇಜಿಗೆ ಹೋದ ದಿನ ನಾನು ಕಚೇರಿಯಲ್ಲೇ ಇರಲಿಲ್ಲ. ಕೆಲಸದ ಮೇಲೆ ಮಾಲೇಗಾಂವಿಗೆ ಹೋಗಿದ್ದೆ. ಮಗ್ಗಗಳ ಸದ್ದಿಗೆ ತಲೆನೋವು ಬಂತೆಂದು ಬರೆದಿದ್ದೇನೆ. ಮರುದಿನ ಸಟಾಣಾ. ಆ ರೊಟ್ಟಿ ಬೇರೆ ಯಾವುದೋ ದಿನದ್ದು. ನನಗೆ ಬೇಕಾದ ಕಡೆಗೆ ಎತ್ತಿ ಇಟ್ಟುಕೊಂಡಿದ್ದೆ.

ಅವರು ಜಗಳ ಮಾಡಲಿಲ್ಲ. ಸಾಹೇಬರ ಮೂಲಕವೇ ಮುಂಬೈಗೆ ಸ್ಪಷ್ಟೀಕರಣ ಕೇಳಿ ಬರೆದರು. ಆ ಕರಡನ್ನೂ ಅವರೇ ಮಾಡಿದರು: ಅರ್ಥ ತಿಳಿಸುವ ಕೃಪೆ ಮಾಡಬೇಕು ಎಂದು. ಉತ್ತರ ಬರಲು ಒಂದೂವರೆ ತಿಂಗಳು. ಹಿಂದಿನ ಆದೇಶದಂತೆ ‘ಮೇ ಬಿ ರಿಲೀವ್ಡ್’ ಎಂದಿತ್ತು. ತಾಯಿ ಅದನ್ನು ಓದಿ ಮೊದಲು ನಕ್ಕರು. “ಮೇ ಅಂದ್ರೇನ್ರಿ ಅಂತ ಕೇಳಿದ್ರ, ಮೇ ಅಂದ್ರ ಮೇ ಅಂದಾರ.” ಆಮೇಲೆ ಅದನ್ನು ಕಡತಕ್ಕೆ ಸೇರಿಸಿ ದಾರ ಕಟ್ಟಿದರು. ಅಂದು ಎರಡೂ ಚಪ್ಪಲಿ ಕಾಲಲ್ಲೇ ಇದ್ದವು.

ಒಟ್ಟು ನಾಲ್ಕು ತಿಂಗಳು. ಪ್ರತಿ ಮಧ್ಯಾಹ್ನ ಊಟದ ಹೊತ್ತಿಗೆ ಫೋನು. ಆ ಕಡೆ ಮಗಳೋ ಆ ಹೆಂಗಸೋ ಫೋನನ್ನು ಅವರ ಗಂಡನ ಕಿವಿಗೆ ಹಿಡಿಯುತ್ತಿದ್ದರು. ಇವರು ಮೇಜಿಗೆ ಬೆನ್ನು ಮಾಡಿ, ಗೋಡೆಗೆ ಮುಖ ಕೊಟ್ಟು ನಿಂತು ಮಾತಾಡುವರು. ಮಾತು ಬಹಳ ಇರುತ್ತಿರಲಿಲ್ಲ, ಸುತ್ತ ಜನ. “ಉಂಡ್ರೇನು? ಗುಳಗಿ ತಗೊಂಡ್ರಿ? ಬರ್ತೀನಿ. ನಾ ಬರ್ತೀನಿ. ಕೇಳ್ಲತ್ತದೇನು? ಬರ್ತೀನಿ.” ನಾನು ಪಕ್ಕದ ಮೇಜಿನಲ್ಲಿ ಡಬ್ಬಿ ಬಿಚ್ಚುತ್ತಿದ್ದೆ. ಶುಕ್ರವಾರ ಹೋಗಿ ಬಂದರೂ ಮತ್ತೆ ಸೋಮವಾರ ಮಧ್ಯಾಹ್ನ ಅದೇ. ಬರ್ತೀನಿ.

ತಪಾಸಣೆ ಮುಗಿಯಿತು, ಒಳ್ಳೆಯ ಷರಾ ಬಂತು. ಅವರ ಬಿಡುಗಡೆಯ ಆದೇಶ ಟೈಪ್ ಮಾಡಿದವನು ನಾನೇ. ತುಟಿ ಆಡಿಸುತ್ತ ಓದಿದರು. ‘ಈಸ್ ಹಿಯರ್‌ಬೈ ರಿಲೀವ್ಡ್.’ “ಇದ್ರಾಗ ಮೇ ಇಲ್ಲ ನೋಡ್ರಿ,” ಎಂದರು. ಅದರಲ್ಲಿ ಚುಚ್ಚು ಇತ್ತೋ ಇಲ್ಲವೋ ಅಂದೂ ತಿಳಿಯಲಿಲ್ಲ, ಇಂದೂ ತಿಳಿಯುತ್ತಿಲ್ಲ. ಬಸ್ ನಿಲ್ದಾಣಕ್ಕೆ ಚೀಲ ಹೊತ್ತುಕೊಂಡು ಹೋಗಿಬಂದೆ. ಅವರ ಮೇಜು ನನಗೆ ಬಂತು. ಆಮೇಲೆ ಆರು ವರ್ಷ, ಹಬ್ಬಕ್ಕೊಂದು ಸಂದೇಶ ಬಿಟ್ಟರೆ, ನಾನು ಆ ಕಡೆ ಹೋಗಲಿಲ್ಲ.

ಸಮಾರಂಭಕ್ಕೆ ಅವರು ಹೋಗುತ್ತಿದ್ದ ಅದೇ ಬಸ್ಸಿನ ದಾರಿಯಲ್ಲಿ ಹೋದೆ. ಐದೂಕಾಲು ಗಂಟೆ. ಒಂದೇ ಸಲಕ್ಕೆ ಸೊಂಟ ಹಿಡಿಯಿತು. ಭಾಷಣ, ಶಾಲು, ತೆಂಗಿನಕಾಯಿ ಮುಗಿದ ಮೇಲೆ ತಾಯಿ ನನ್ನ ತೋಳು ಹಿಡಿದರು. “ಮನಿಗಿ ಬಂದು ಛಾ ಕುಡದೇ ಹೋಗಬೇಕು. ಇದು ಮೇ ಅಲ್ಲ, ಮಸ್ಟ್.”

ಮನೆ ದೌಲತಾಬಾದಿಗೆ ಹೋಗುವ ರಸ್ತೆಯ ಕಡೆ, ಮೊದಲ ಮಹಡಿಯಲ್ಲಿ. ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಅವರ ಗಂಡ ಕೂತಿದ್ದರು. ನನ್ನನ್ನು ನೋಡಿ ಎಡಗೈ ಎತ್ತಿದರು. ಮುಖ ಅರಳಿತು.

“ಬರ್ತೀನಿ,” ಎಂದರು.

ಎದ್ದು ಬರಲು ನೋಡುತ್ತಿದ್ದಾರೆಂದು ನಾನು ಮುಂದೆ ಹೋಗಿ ತೋಳು ಹಿಡಿದೆ. “ಬ್ಯಾಡ ಬಿಡ್ರಿ, ಅವರು ನಮಸ್ಕಾರ ಅನ್ಲತ್ತಾರ,” ಎಂದರು ತಾಯಿ.

ಮಗಳು ಚಹಾ ತಂದಳು. “ಕಾಕಾ, ಚಹಾ ಘ್ಯಾ ನಾ.”

“ಕನ್ನಡದಾಗ ಹೇಳು,” ಎಂದರು ತಾಯಿ.

“ತಗೊಳ್ಳಿರಿ,” ಎಂದು ನಾಚಿಕೊಂಡಳು. ಅಪ್ಪನ ಬಟ್ಟಲಿಗೆ ಸಕ್ಕರೆ ಇನ್ನೊಂದು ಚಮಚ ಬೇಕೇ ಎಂದು ಕೈಸನ್ನೆ ಮಾಡಿದಳು. “ಬರ್ತೀನಿ,” ಎಂದರು ಅವರು, ಬೇಡ ಎನ್ನುವಂತೆ ತಲೆಯಾಡಿಸಿ.

ತಾಯಿ ಫ್ರೇಮ್ ಹಾಕಿದ ಮಾನಪತ್ರವನ್ನು ತೊಡೆಯ ಮೇಲಿಟ್ಟುಕೊಂಡು ಓದತೊಡಗಿದರು. ತುಟಿ ಆಡುತ್ತ ಹೋಗಿ ಕೊನೆಯ ಸಾಲಿನಲ್ಲಿ ನಿಂತಿತು.

“ಇದು ಯಾವ ಮೇ ರೀ? ಕೈ ಮುಗಿಯೋದೋ, ಬಟ್ಟು ತೋರ್ಸೋದೋ?”

“ಇದು ಮೂರನೇದ್ರಿ. ಹಾರೈಸೋದು. ಆಗಲಿ ಅಂತ.”

“ಹೌದೇನು? ನಮಗ ಆಫೀಸಿನ್ಯಾಗ ಇದು ಒಮ್ಮೆನೂ ಬರ್ಲಿಲ್ಲ ನೋಡ್ರಿ,” ಎಂದು ಗಾಜಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದರು.

ಚಹಾ ಆರುತ್ತಿತ್ತು. ಕೇಳಬಾರದಿತ್ತೇನೋ, ಕೇಳಿದೆ. “ಮತ್ತೇನೂ ಮಾತು ಬರಲಿಲ್ಲೇನ್ರಿ ಅವರಿಗೆ?”

“ನಾ ಬಂದಾಗ ಅದೊಂದೇ ಇತ್ತು. ಉಳಿದದ್ದು ಕಲಸ್ಲಾಕ ಭಾಳ ನೋಡಿದೆ. ನೀರು ಅನ್ರಿ, ಊಟ ಅನ್ರಿ, ನನ್ನ ಹೆಸರರೆ ಅನ್ರಿ. ಟೈಮ್ ಹೋಗಿತ್ತು ಅಂದ್ರು ಡಾಕ್ಟರ್. ಒಂದು ಮಾತು ಸಾವಿರ ಸಲ ಕಿವಿಗಿ ಬಿದ್ರ ಅದು ಕೂಡ್ತದಂತ. ನಾ ಫೋನಿನ್ಯಾಗ ಹೇಳಿದ್ದು ಮತ್ತೇನ್ರಿ?” ಗಂಡನ ಹೆಗಲಿನ ಟವೆಲ್ ಸರಿಮಾಡಿದರು. “ಬರಬಹುದು ಅನ್ನಬೇಕಿತ್ತೇನೋ. ಅದು ಖರೇ ಆಗಿರ್ತಿತ್ತು. ಹಂಗನ್ಲಾಕ ಬಾಯಿ ಬರ್ಲಿಲ್ಲ.”

ಆಗ ನಾನು ಹೇಳಿದೆ. ಸಾಹೇಬರ ಕೋಣೆ, ಅನುಮತಿ, ಕಡ್ಡಾಯ ಅಲ್ಲ, ಎಲ್ಲ. ಆರು ವರ್ಷ ಕಾದು ಕೂತಿದ್ದ ಮಾತು ಎರಡು ನಿಮಿಷದಲ್ಲಿ ಮುಗಿಯಿತು.

“ಗೊತ್ತದ್ರಿ,” ಎಂದರು. “ನಿಮ್ಮ ಸಹಿ ಇತ್ತಲ್ಲ.”

“ನಾ ತಪ್ಪು ಹೇಳಿದೆ.”

ತಲೆಯಾಡಿಸಿದರು. ಕರಡಿನಲ್ಲಿ ನಾನು ಅಲ್ಪವಿರಾಮ ಬಿಟ್ಟಾಗ ಆಡಿಸುತ್ತಿದ್ದಂತೆ. “ತಪ್ಪು ಹೇಳಿಲ್ರಿ. ಅರ್ಧಾ ಹೇಳಿದ್ರಿ.”

ಕೋಪವೂ ಇರಲಿಲ್ಲ, ಇರಲಿ ಬಿಡ್ರಿ ಎನ್ನುವ ಮಾತೂ ಬರಲಿಲ್ಲ. ಅದಕ್ಕಾಗಿ ನಾನು ಇನ್ನೂ ಸ್ವಲ್ಪ ಹೊತ್ತು ಕೂತಿದ್ದೆ ಎಂದು ಈಗ ಅನ್ನಿಸುತ್ತದೆ. ಚಹಾ ಮುಗಿದು ಬಹಳ ಹೊತ್ತಾಗಿತ್ತು. ಬಸ್ಸಿನ ಹೊತ್ತಾಯಿತೆಂದು ಎದ್ದೆ.

“ಬರ್ತೀನ್ರಿ,” ಎಂದೆ ಅವರ ಗಂಡನಿಗೆ. ಹೋಗುವಾಗ ನಾವು ಅನ್ನುವುದು ಅದನ್ನೇ, ಬೇರೆ ಮಾತು ನಮಗೂ ಇಲ್ಲ.

“ಬರ್ತೀನಿ,” ಎಂದರು ಅವರೂ, ನಗುತ್ತ.

ತಾಯಿ ಅವರ ಕಿವಿಯ ಹತ್ತಿರ ಬಾಗಿದರು. “ಹಂಗಲ್ಲ. ಹೋಗವ್ರಿಗಿ ನಾವು ‘ಹೋಗಿ ಬರ್ರಿ’ ಅನ್ನಬೇಕು. ಅನ್ರಿ ನೋಡೋಣ. ಹೋಗಿ...”

ಅವರು ಹೆಂಡತಿಯ ತುಟಿಯನ್ನೇ ನೋಡಿದರು. ತಮ್ಮ ತುಟಿ ಎರಡು ಸಲ ಆಡಿಸಿದರು. ಆಮೇಲೆ ದೊಡ್ಡ ಉಸಿರೆಳೆದು, ಪೂರ್ತಿ ಸ್ಪಷ್ಟವಾಗಿ, “ಬರ್ತೀನಿ,” ಎಂದರು.

ತಾಯಿ ಒಂದು ಉಸಿರು ಬಿಟ್ಟರು.

“ನಡೀತದ,” ಎಂದರು.